ತೊಗರಿ ಬೇರಿನ ಗಂಟು ಸೀಳಿ ನೋಡಿ

ಆಳಂದದ ಸರಸಂಬಾದಿಂದ ಅಫಜಲಪುರ, ಜೇವರ್ಗಿವರೆಗಿನ ಕರಿಭೂಮಿಗೆ ತೊಗರಿಯೇ ಆಸರೆ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಭೌಗೋಳಿಕ ಸೂಚಕ ಮಾನ್ಯತೆಯೂ ಬಂತು. ಬೆಂಬಲ ಬೆಲೆ, ನೆಟೆ ರೋಗದ ಪರಿಹಾರ ಇವುಗಳ ಬಗ್ಗೆ ಪ್ರತಿ ವರ್ಷ ಮಾತಾಡುತ್ತೇವೆ. ಆ ಗಿಡದ ಬೇರಿನ ಗಂಟುಗಳಲ್ಲಿದ್ದು ಅದಕ್ಕೆ ಗಾಳಿಯಿಂದ ಸಾರಜನಕ ಹಿಡಿದುಕೊಡುವ ರೈಜೋಬಿಯಂ ಬ್ಯಾಕ್ಟೀರಿಯಾದ ಮಾತು ಮಾತ್ರ ಜೈವಿಕ ಗೊಬ್ಬರದ ಪೊಟ್ಟಣ ಕೈಗೆ ಬಂದಲ್ಲಿಗೇ ಮುಗಿಯುತ್ತದೆ. ಎಷ್ಟು ಪೊಟ್ಟಣ ಹೋದವು ಎಂಬ ಲೆಕ್ಕಕ್ಕಿಂತ, ಹೊಲದಲ್ಲಿ ಆ ಬ್ಯಾಕ್ಟೀರಿಯಾ ಕೆಲಸ ಮಾಡಿತೇ ಎಂಬ ಲೆಕ್ಕ ಕೃಷಿ ಇಲಾಖೆಗೆ ಮುಖ್ಯವಾಗಬೇಕು. ಇದಕ್ಕೆ ಕಾರಣ ಆ ಜೀವಿಯ ಡಿಎನ್‌ಎ ನಡೆದುಕೊಳ್ಳುವ ರೀತಿಯಲ್ಲೇ ಇದೆ.

ಡಿಎನ್‌ಎ ಎಂದರೆ ನಾಲ್ಕೇ ಅಕ್ಷರಗಳ ಉದ್ದನೆಯ ಬರಹ; ಅದರಲ್ಲಿ ಸಾಮಾನ್ಯವಾಗಿ ಒಂದು ಪ್ರೋಟೀನಿಗೆ ಬೇಕಾದ ತುಣುಕೇ ಜೀನ್. ಆ ತುಣುಕು ಆರ್‌ಎನ್‌ಎ ಆಗಿ ನಕಲಾಗಿ, ನಕಲಿನಂತೆ ಪ್ರೋಟೀನ್ ತಯಾರಾದರೆ ಜೀನ್ ಅಭಿವ್ಯಕ್ತಗೊಂಡಿತು ಅನ್ನುತ್ತಾರೆ. ಸೋಯಾ ಬೇರಿನ ಬ್ರಾಡಿರೈಜೋಬಿಯಂ, ತೊಗರಿ ಗಂಟಿನ ಬ್ಯಾಕ್ಟೀರಿಯಾಕ್ಕೆ ಹತ್ತಿರದ ಸಂಬಂಧಿ. ಜಪಾನಿನ ವಿಜ್ಞಾನಿಗಳು 2002ರಲ್ಲಿ ಓದಿ ಮುಗಿಸಿದ ಅದರ ಜೀನೋಮ್‌ನಲ್ಲಿ ಸುಮಾರು 91 ಲಕ್ಷ ಅಕ್ಷರಜೋಡಿಗಳು, 8,300 ಜೀನುಗಳು. ಇವೆಲ್ಲ ಒಟ್ಟಿಗೆ ದುಡಿಯುವುದಿಲ್ಲ. ಎಳೆ ಬೇರು ಫ್ಲೇವನಾಯ್ಡ್ ಎಂಬ ರಾಸಾಯನಿಕ ಒಸರಿದಾಗಷ್ಟೇ ಗಂಟು ಕಟ್ಟಿಸುವ ಜೀನುಗಳು ಎಚ್ಚರಗೊಳ್ಳುತ್ತವೆ. ಸಾರಜನಕ ಹಿಡಿಯುವ ನೈಟ್ರೋಜಿನೇಸ್ ಕಿಣ್ವದ ಜೀನುಗಳಿಗೆ ಇನ್ನೂ ಒಂದು ಷರತ್ತಿದೆ: ಗಂಟಿನೊಳಗೆ ಆಮ್ಲಜನಕ ತೀರಾ ಕಡಿಮೆ ಇರಬೇಕು, ಹೆಚ್ಚಾದರೆ ಕಿಣ್ವವೇ ಕೆಟ್ಟುಹೋಗುತ್ತದೆ. ಆ ಆಮ್ಲಜನಕವನ್ನು ಹದವಾಗಿ ಕಾಯುವುದು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಳಗದ ಕೆಂಪು ಪ್ರೋಟೀನ್ ಲೆಗ್‌ಹಿಮೋಗ್ಲೋಬಿನ್. ಹೀಗಾಗಿ ಬಿತ್ತಿದ ಆರೇಳು ವಾರಕ್ಕೆ ಗಿಡವನ್ನು ಮಣ್ಣುಸಮೇತ ಅಗೆದು, ಬೇರು ತೊಳೆದು, ಗಂಟೊಂದನ್ನು ಉಗುರಿನಿಂದ ಸೀಳಿದರೆ ಸಾಕು. ಒಳಗೆ ಕೆಂಪಿದ್ದರೆ ಕೆಲಸ ನಡೆದಿದೆ; ಬಿಳಿಯೋ ಹಸಿರೋ ಇದ್ದರೆ ಇಲ್ಲ. ಯಾವ ಪ್ರಯೋಗಾಲಯವೂ ಬೇಡ.

ಈ ಬ್ಯಾಕ್ಟೀರಿಯಾ ನಮ್ಮ ಮಣ್ಣಿನಲ್ಲಿ ಮೊದಲೇ ಇದೆ, ಪೊಟ್ಟಣ ಯಾಕೆ ಎಂದು ಕೇಳುವವರಿದ್ದಾರೆ. ಇರುವುದು ನಿಜ, ತೊಗರಿ ಹಲವು ಬಗೆಯ ರೈಜೋಬಿಯಂಗಳಿಗೆ ಗಂಟು ಕಟ್ಟಿಕೊಡುತ್ತದೆ. ಆದರೆ ಗಂಟಿನೊಳಗೆ ಸೇರಿದ್ದೆಲ್ಲ ಒಂದೇ ಸಮ ಸಾರಜನಕ ಕೊಡುವುದಿಲ್ಲ. ಬೇರು ತುಂಬ ಕೆಂಪು ಗಂಟುಗಳಿರುವ ಹೊಲಕ್ಕೆ ಪೊಟ್ಟಣ ಬೇಡ ಎಂದರೆ ನಾನೂ ಒಪ್ಪುತ್ತೇನೆ, ಆದರೆ ಅದು ಗೊತ್ತಾಗಲೂ ಗಿಡ ಅಗೆದು ನೋಡಲೇಬೇಕು. ಯೂರಿಯಾ ಹಾಕಿದರೆ ಆಯಿತಲ್ಲ ಎಂಬುದು ಇನ್ನೊಂದು ಮಾತು. ಬಿತ್ತುವಾಗ ಸ್ವಲ್ಪ ಸಾರಜನಕ ಕೊಡುವುದು ಸರಿ. ಮೇಲಿಂದ ಮೇಲೆ ಸುರಿದರೆ ಗಿಡವೇ ಗಂಟು ಕಟ್ಟುವುದನ್ನು ಕಡಿಮೆ ಮಾಡುತ್ತದೆ, ಏಕೆಂದರೆ ಬ್ಯಾಕ್ಟೀರಿಯಾವನ್ನು ಸಾಕಲು ಅದು ತನ್ನ ಸಕ್ಕರೆ ಖರ್ಚು ಮಾಡಬೇಕು.

ಪೊಟ್ಟಣ ಕೊಟ್ಟೂ ಫಲ ಸಿಗಲಿಲ್ಲ ಎಂಬ ದೂರನ್ನು ನಾನು ತಳ್ಳಿಹಾಕುವುದಿಲ್ಲ. 2006ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ಬಂದ ಜೈವಿಕ ಗೊಬ್ಬರದ ನಿಯಮದಂತೆ, ಪುಡಿರೂಪದ ರೈಜೋಬಿಯಂನ ಪ್ರತಿ ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕು. ಬಿತ್ತನೆಗೆ ಮುಂಚಿನ ತಿಂಗಳು ಕಲಬುರಗಿಯ ಬಿಸಿಲು 40 ಡಿಗ್ರಿ ದಾಟಿರುತ್ತದೆ. ತಗಡಿನ ಗೋದಾಮಿನಲ್ಲಿ ಬೆಂದ ಪೊಟ್ಟಣದಲ್ಲಿ ಡಿಎನ್‌ಎ ಉಳಿದಿರಬಹುದು, ಜೀವ ಉಳಿದಿರುವುದಿಲ್ಲ. ರೈತ ಸಂಪರ್ಕ ಕೇಂದ್ರಗಳು ಇದನ್ನು ನೆರಳಲ್ಲಿ, ತಂಪಾಗಿ ಇಡಲಿ. ಬಿತ್ತನೆಗೆ ಮೊದಲು ಮಾದರಿ ತೆಗೆದು ಜೀವಕೋಶಗಳನ್ನು ಎಣಿಸಿ, ಫಲಿತಾಂಶವನ್ನು ಕೇಂದ್ರದ ಗೋಡೆಗೆ ಅಂಟಿಸಲಿ. ಶಿಲೀಂಧ್ರನಾಶಕ ಮೊದಲು ಲೇಪಿಸಿ, ಬೆಲ್ಲದ ಪಾಕದ ರೈಜೋಬಿಯಂ ಕೊನೆಗೆ ಎಂದು ಬೀಜ ಕೊಡುವಾಗಲೇ ಹೇಳಲಿ. ಆಗಸ್ಟ್‌ನಲ್ಲಿ ಪ್ರತಿ ಹೋಬಳಿಯ ಹತ್ತಾರು ಹೊಲಗಳಲ್ಲಿ ಗಂಟು ಸೀಳಿ ಬಣ್ಣ ದಾಖಲಿಸಿದರೆ, ಮುಂದಿನ ಮುಂಗಾರಿಗೆ ಪೊಟ್ಟಣ ಎಲ್ಲಿಗೆ ಬೇಕು, ಎಲ್ಲಿಗೆ ಬೇಡ ಎಂಬುದು ಇಲಾಖೆಯ ಕೈಯಲ್ಲೇ ಇರುತ್ತದೆ.