ಲಗ್ನವಾಯಿತು, ಪಿ.ಎಫ್. ಕಾಗದದಲ್ಲಿ ಹೆಸರು ಬದಲಾಯಿತೇ?

ವಿದ್ಯಾರ್ಥಿಗಳೇ, ನ್ಯೂಟನ್ನನ ಮೊದಲನೆಯ ನಿಯಮ ನಿಮಗೆ ಬಾಯಿಪಾಠವಾಗಿದೆ. ಹೊರಗಿನಿಂದ ಬಲ ಬೀಳದಿದ್ದರೆ ನಿಂತ ವಸ್ತು ನಿಂತೇ ಇರುತ್ತದೆ. ಈ ಜಡತ್ವ ಕಲ್ಲಿಗಷ್ಟೇ ಅಲ್ಲ, ಕಚೇರಿಯ ಕಡತಕ್ಕೂ ಉಂಟು. ನೌಕರಿಗೆ ಸೇರಿದ ದಿನ ಅಪ್ಪ ಬರೆದುಕೊಟ್ಟ ಹೆಸರು ಯಾರೂ ತಿದ್ದದಿದ್ದರೆ ನಿವೃತ್ತಿಯವರೆಗೂ ಹಾಗೆಯೇ ಕುಳಿತಿರುತ್ತದೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆ, ಸಹಕಾರಿ ಬ್ಯಾಂಕು, ಖಾಸಗಿ ಶಾಲೆಗಳಲ್ಲಿ ದುಡಿಯುವ ಅನೇಕ ಪಾಲಕರಿಗೆ ಪಿ.ಎಫ್. ಖಾತೆ ಇದೆ. ಸಾಮಾನ್ಯವಾಗಿ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 12ರಷ್ಟು ಪ್ರತಿ ತಿಂಗಳು ಅಲ್ಲಿಗೆ ಹೋಗುತ್ತದೆ. ಮಗು ಹುಟ್ಟಿದ ಮೇಲೆ ಹೆಚ್ಚು ಉಳಿಸಬೇಕೆನಿಸಿದರೆ ಸ್ವಇಚ್ಛೆಯಿಂದ ಇದಕ್ಕಿಂತ ಹೆಚ್ಚು ಕಟ್ಟಲೂಬಹುದು. ಕಟ್ಟುವುದರಲ್ಲಿ ನಮ್ಮವರು ಹಿಂದೆ ಬಿದ್ದಿಲ್ಲ. ತಾನು ಇಲ್ಲವಾದರೆ ಹಣ ಯಾರ ಕೈಸೇರಬೇಕು ಎಂಬುದನ್ನು ಬರೆಯುವಲ್ಲಿಯೇ ಉದಾಸೀನ.

1952ರ ಪಿ.ಎಫ್. ಯೋಜನೆಯ ನಿಯಮ ಸ್ಪಷ್ಟವಾಗಿದೆ. ಕುಟುಂಬವಿಲ್ಲದವರು ಯಾರನ್ನಾದರೂ ನಾಮಿನಿ ಮಾಡಬಹುದು. ಆದರೆ ಮುಂದೆ ಲಗ್ನವಾಗಿ ಕುಟುಂಬವಾದರೆ ಆ ಹೆಸರು ಕೂಡಲೇ ಅಸಿಂಧುವಾಗುತ್ತದೆ; ಹೊಸದಾಗಿ ಬರೆಯಬೇಕು. ಬರೆಯದೆ ಬಿಟ್ಟರೆ ಹಣ ಕುಟುಂಬದವರಿಗೆ ಸಮನಾಗಿ ಹಂಚಿಕೆಯಾಗುತ್ತದೆ. ಕುಟುಂಬದಲ್ಲಿ ಬೇರೆಯವರು ಇದ್ದಾಗ, ವಯಸ್ಸಿಗೆ ಬಂದ ಗಂಡುಮಕ್ಕಳಿಗೂ, ಗಂಡ ಬದುಕಿರುವ ಹೆಣ್ಣುಮಕ್ಕಳಿಗೂ ಅದರಲ್ಲಿ ಪಾಲಿಲ್ಲ. ಕಾಲೇಜು ಓದುತ್ತಿರುವ ಮಗನಿಗೂ ಪಾಲು ಸಿಗಲಿ ಎಂದು ತಂದೆಗೆ ಅನಿಸಿದರೆ ಅವನ ಹೆಸರನ್ನು ಬರೆದೇ ಇಡಬೇಕು.

ಸರಕಾರಿ ನೌಕರರ ಜಿ.ಪಿ.ಎಫ್.ಗೆ ಸಂಬಂಧಿಸಿದ ಒಂದು ಪ್ರಕರಣ ನೋಡಿ. ಕೇಂದ್ರದ ರಕ್ಷಣಾ ಲೆಕ್ಕಪತ್ರ ಇಲಾಖೆಯ ನೌಕರರೊಬ್ಬರು 2000ರಲ್ಲಿ ಸೇರಿದಾಗ ತಾಯಿಯ ಹೆಸರು ಬರೆದರು. 2003ರಲ್ಲಿ ಲಗ್ನವಾಯಿತು. ಬೇರೆ ಕಾಗದಗಳಲ್ಲಿ ಹೆಂಡತಿಯ ಹೆಸರು ಬಂತು, ಜಿ.ಪಿ.ಎಫ್. ಕಾಗದ ಮಾತ್ರ ಹಳೆಯದೇ ಉಳಿಯಿತು. 2021ರಲ್ಲಿ ಅವರು ತೀರಿಕೊಂಡ ಮೇಲೆ ಅತ್ತೆ-ಸೊಸೆಯರ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಲಗ್ನದೊಂದಿಗೇ ತಾಯಿಯ ಹೆಸರಿನ ನಾಮನಿರ್ದೇಶನ ಬಿದ್ದುಹೋಯಿತು, ಹಣ ಇಬ್ಬರಿಗೂ ಸಮಪಾಲು ಎಂದು 2025ರ ಡಿಸೆಂಬರಿನಲ್ಲಿ ತೀರ್ಪು ಬಂತು. ಮಗನನ್ನು ಕಳೆದುಕೊಂಡ ತಾಯಿ, ಗಂಡನನ್ನು ಕಳೆದುಕೊಂಡ ಹೆಂಡತಿ ಇಬ್ಬರೂ ವರ್ಷಗಟ್ಟಲೆ ಕೋರ್ಟು ಅಲೆದರು. ಇಬ್ಬರ ಹೆಸರನ್ನೂ ಪಾಲು ಸಮೇತ ಅವರೇ ಬರೆದಿಟ್ಟಿದ್ದರೆ ಇದು ತಪ್ಪುತ್ತಿತ್ತು.

‘ಹೆಂಡತಿಯ ಹೆಸರು ಹಾಕಿದರೆ ಅವ್ವ ನೊಂದುಕೊಳ್ಳುತ್ತಾಳೆ’ ಎನ್ನುವವರಿದ್ದಾರೆ. ತನ್ನನ್ನೇ ನಂಬಿಕೊಂಡಿರುವ ತಂದೆತಾಯಿಯೂ ಪಿ.ಎಫ್. ನಿಯಮದ ಪ್ರಕಾರ ಕುಟುಂಬವೇ. ಮಹಿಳಾ ನೌಕರರಿಗೆ ಅವರನ್ನು ಅವಲಂಬಿಸಿದ ಅತ್ತೆ-ಮಾವನೂ ಕುಟುಂಬದವರೇ. ಒಬ್ಬರಿಗಿಂತ ಹೆಚ್ಚು ಹೆಸರು ಬರೆದು ಯಾರಿಗೆ ಶೇಕಡಾ ಎಷ್ಟು ಎಂದು ನಮೂದಿಸಬಹುದು. ಮಗು ಚಿಕ್ಕದಿದ್ದರೆ ಪಾಲಕರ ಹೆಸರು ಕೊಡಬಹುದು. ನೌಕರಿಯಲ್ಲಿದ್ದಾಗಲೇ ತೀರಿಕೊಂಡವರ ಮನೆಯವರಿಗೆ ಪಿ.ಎಫ್. ಜೊತೆಗಿನ ವಿಮೆಯಿಂದ 7 ಲಕ್ಷ ರೂಪಾಯಿಯವರೆಗೆ ಸಿಗುತ್ತದೆ. ಅದೂ ಇದೇ ನಾಮನಿರ್ದೇಶನದ ಜಾಡಿನಲ್ಲಿಯೇ ಹೋಗುತ್ತದೆ.

ಕೆಲಸ ದೊಡ್ಡದಲ್ಲ, ಖರ್ಚೂ ಇಲ್ಲ. ಯು.ಎ.ಎನ್. ಸಂಖ್ಯೆಯಿಂದ ಪಿ.ಎಫ್. ಜಾಲತಾಣಕ್ಕೆ ಹೋಗಿ, ಕುಟುಂಬದವರ ವಿವರ ತುಂಬಿ, ಆಧಾರ್ ಜೋಡಿಸಿದ ಮೊಬೈಲಿಗೆ ಬರುವ ಒ.ಟಿ.ಪಿ. ಹಾಕಿ ಇ-ಸಹಿ ಮಾಡಿದರೆ ಮುಗಿಯಿತು. ಇ-ಸಹಿಯಾಗದೆ ಅದು ಪೂರ್ಣವಾಗುವುದಿಲ್ಲ.

ವಿದ್ಯಾರ್ಥಿಗಳೇ, ಈ ಭಾನುವಾರದ ಮನೆಗೆಲಸ ಇಷ್ಟೇ. ಅಪ್ಪ-ಅವ್ವನ ಜೊತೆ ಕುಳಿತು ಪಿ.ಎಫ್., ಬ್ಯಾಂಕು, ವಿಮೆ ಮೂರರಲ್ಲೂ ಯಾರ ಹೆಸರಿದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಹೆಸರು ಬರೆಯುವ ಹಕ್ಕು ಅವರದು. ನೆನಪಿಸುವ ಕೆಲಸ ನಿಮ್ಮದು. ಕಡತದ ಜಡತ್ವ ಮುರಿಯಲು ಅಷ್ಟು ಬಲ ಸಾಕು.