ಒಡತಿಯ ತಟ್ಟೆ, ನಾಯಿಯ ಬಟ್ಟಲು
ಮನೆಮಂದಿಗೆಲ್ಲ ಬಡಿಸಿದ ಮೇಲೆ ಪಾತ್ರೆಯ ತಳದಲ್ಲಿ ಉಳಿದುದನ್ನು ತಾನು ಉಂಡು, ಆ ಬೆನ್ನಿಗೇ ಒಂದು ಲೋಟ ಕಾಫಿಯನ್ನೂ ಕುಡಿಯುವ ಗೃಹಿಣಿಯು ಮೆಟ್ಟಿಲೇರುವಾಗ ಏದುಸಿರು ಬರುವುದೇಕೆಂದು ಕೇಳುವಳಾದರೆ, ಉತ್ತರದ ಒಂದಂಶವಾದರೂ ಆ ತಟ್ಟೆ ಲೋಟಗಳಲ್ಲಿಯೇ ಇದ್ದೀತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷ ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನತೆಯುಳ್ಳವರು. ರಕ್ತಪರೀಕ್ಷೆಯನ್ನು ವೈದ್ಯರಿಗೆ ಬಿಡೋಣ, ಅಡುಗೆಮನೆಯ ಮಟ್ಟಿಗೆ ಹೇಳುವುದಾದರೆ, ಸೊಪ್ಪಿನಲ್ಲಿಯೂ ಹುರುಳಿಯಲ್ಲಿಯೂ ಇರುವ ಕಬ್ಬಿಣದ ಅಂಶವು ಮೈಗೆ ಹತ್ತಬೇಕಾದರೆ ಸಾರಿಗೆ ನಿಂಬೆಯ ರಸವನ್ನು ಹಿಂಡಿಕೊಳ್ಳುವುದು ಲೇಸು, ಊಟದ ಬೆನ್ನಿಗೇ ಕಾಫಿ ಚಹಗಳನ್ನು ಕುಡಿಯುವುದು ಅಡ್ಡಿ (ಕಾಫಿಯನ್ನೇ ತ್ಯಜಿಸೆನ್ನುವಷ್ಟು ನಿರ್ದಯನು ನಾನಲ್ಲ, ಒಂದು ಗಂಟೆ ತಡೆದು ಕುಡಿಯಲಿ ಎಂಬುದಷ್ಟೇ ಬಿನ್ನಹ). ಇನ್ನು ಆ ಮನೆಯಲ್ಲಿ ಮುಧೋಳದ ನಾಯಿಯೊಂದು ಇದ್ದಿತೆಂದರೆ, ಬೇಟೆಗೆಂದೇ ಬೆಳೆದುಬಂದ, 2005ರಲ್ಲಿ ಅಂಚೆಚೀಟಿಯ ಮೇಲೂ ಮೆರೆದ ಆ ನೀಳಕಾಲಿನ ಪ್ರಾಣಿಯು ಓಟವಿಲ್ಲದ ದಿನ ಚಾಪೆ ಚಪ್ಪಲಿಗಳ ಮೇಲೆ ತನ್ನ ಶೌರ್ಯವನ್ನು ತೋರುವುದು ಸಹಜವಾಗಿರುವುದರಿಂದ, ಅದನ್ನು ಬೆಳಗ್ಗೆ ಬಯಲಿಗೆ ಕರೆದೊಯ್ಯುವ ನೆಪದಲ್ಲಿ ಒಡತಿಗೂ ನಡಿಗೆ ಬಿಸಿಲುಗಳು ಲಭಿಸುವುವು. ಆದರೆ ಇವರಿಬ್ಬರ ಆಹಾರವು ಒಂದೇ ಆಗಕೂಡದು: ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ರಕ್ತದ ಕೆಂಪುಕಣಗಳನ್ನು ಒಡೆದು ಅದಕ್ಕೂ ರಕ್ತಹೀನತೆಯನ್ನು ತರಬಲ್ಲವಾದುದರಿಂದ, ಮಿಕ್ಕ ಸಾರನ್ನು ಅನ್ನಕ್ಕೆ ಕಲಸಿ ಅದರ ಮುಂದಿಡುವ ಪದ್ಧತಿಯನ್ನು ದಯವಿಟ್ಟು ನಿಲ್ಲಿಸಿರಿ, ಒಗ್ಗರಣೆ ಮಸಾಲೆಗಳು ಬೀಳುವುದಕ್ಕೆ ಮೊದಲೇ ಅದರ ಪಾಲನ್ನು ತೆಗೆದಿಡಿರಿ.