‘ಒಣಗಿ ಓಡಬೇಡಿ’ ಅಂದರೆ ಏನ್ರೀ ಅರ್ಥ?



ಕಳೆದ ತಿಂಗಳು ನಮ್ಮ ಪ್ರೆಸ್ಸಿಗೆ ಒಂದು ಆರ್ಡರ್ ಬಂತು. ಕೊಳವೆಬಾವಿಗೆ ಇಳಿಸುವ ಸಬ್‌ಮರ್ಸಿಬಲ್ ಪಂಪಿನ ಕೈಪಿಡಿ. ಹದಿನಾರು ಪುಟ, ಐದು ಸಾವಿರ ಪ್ರತಿ, ಸೆಂಟರ್ ಪಿನ್. ಎಂಟು ಪುಟ ಇಂಗ್ಲಿಷ್, ನಾಲ್ಕು ಪುಟ ಹಿಂದಿ, ಕೊನೆಯಲ್ಲಿ ನಾಲ್ಕು ಪುಟ ಕನ್ನಡ. ಕೊನೆಯಲ್ಲಾದರೂ ಇದೆಯಲ್ಲ ಎಂದು ಸಂತೋಷಪಟ್ಟೆ. ಪ್ಲೇಟ್‌ಗೆ ಕೊಡುವ ಮುಂಚೆ ಒಂದು ಸಲ ಕಣ್ಣಾಡಿಸಿದೆ. ಸಂತೋಷ ಅಲ್ಲಿಗೆ ಮುಗಿಯಿತು.

‘ಒಣಗಿ ಓಡಬೇಡಿ’ ಎಂದು ದಪ್ಪಕ್ಷರದಲ್ಲಿತ್ತು. ಯಾರಿಗೆ ಸ್ವಾಮಿ ಈ ಉಪದೇಶ? ಪಂಪಿಗೋ, ರೈತನಿಗೋ? ಇಂಗ್ಲಿಷ್ ಪುಟ ತೆಗೆದು ನೋಡಿದರೆ, ನೀರಿಲ್ಲದಾಗ ಮೋಟಾರ್ ಓಡಿಸಬೇಡಿ ಎಂಬ ಎಚ್ಚರಿಕೆ ಅದು! ಕೆಳಗೆ ‘ಒಟ್ಟು ತಲೆ 60 ಮೀಟರ್’. ನೀರು ಎತ್ತುವ ಎತ್ತರಕ್ಕೆ ಹೆಡ್ ಅನ್ನುತ್ತಾರೆ. ನಮ್ಮ ಹಳ್ಳಿಯ ಪಂಪ್ ಮೆಕ್ಯಾನಿಕ್ಕೂ ಹೆಡ್ ಅಂತಲೇ ಅನ್ನುತ್ತಾನೆ. ಇಲ್ಲಿ ಅದು ತಲೆಯಾಗಿದೆ. ರಾವಣನ ಹತ್ತು ತಲೆ ಪೇರಿಸಿದರೂ ಅಷ್ಟು ಉದ್ದ ಬರಲಿಕ್ಕಿಲ್ಲ. ಅದರ ಕೆಳಗೆ, ‘ಪಂಪನ್ನು ಸರಿಯಾಗಿ ಭೂಮಿ ಮಾಡಿ’. ನಗು ಬರುತ್ತದೆ ಅಲ್ಲವೇ? ನನಗೂ ಬಂತು. ಆಮೇಲೆ ಭಯವಾಯಿತು. ಅರ್ಥಿಂಗ್ ಇಲ್ಲದ ಸ್ಟಾರ್ಟರನ್ನು ಒದ್ದೆ ಕೈಯಲ್ಲಿ ಮುಟ್ಟಿದವನ ಗತಿ ಏನು? ಅವನ ಹೆಂಡತಿ ಮಕ್ಕಳಿಗೆ ಈ ‘ಭೂಮಿ ಮಾಡಿ’ ಎಂಬ ವಾಕ್ಯವನ್ನು ಯಾರು ಬಿಡಿಸಿ ಹೇಳುತ್ತಾರೆ?

ಫೋನ್ ಮಾಡಿದೆ. ಆ ಕಡೆಯವನು ನಗುತ್ತಾ ಹೇಳಿದ: ‘ಸಾರ್, ಅದು ಕಂಪ್ಯೂಟರೇ ಟ್ರಾನ್ಸ್‌ಲೇಟ್ ಮಾಡಿದ್ದು. ಹಾಗೇ ಹಾಕ್ಬಿಡಿ. ಕನ್ನಡ ಪೇಜ್ ಯಾರು ಓದ್ತಾರೆ ಸಾರ್, ಸುಮ್ನೆ ರೂಲ್ಸ್‌ಗೆ ಅಂತ ಕೊಟ್ಟಿರೋದು.’

ಹೇಳಿದವನು ದೆಹಲಿಯವನಲ್ಲ, ಚೆನ್ನೈಯವನೂ ಅಲ್ಲ. ಮಾತು ಕೇಳಿದರೆ ಗೊತ್ತಾಗುತ್ತದೆ, ಅಪ್ಪಟ ಮಂಡ್ಯದ ಕಡೆಯವನು!

ಈಗ ನಿಮಗೊಂದು ಪ್ರಶ್ನೆ. ಅದೇ ಕೈಪಿಡಿಯ ಎಂಟು ಪುಟ ಇಂಗ್ಲಿಷ್ ಹೇಗಿತ್ತು ಗೊತ್ತೇ? ಕನ್ನಡಿಯ ಹಾಗೆ. ಒಂದು ವಾಕ್ಯಕ್ಕೆ ಒಂದೇ ಕೆಲಸ. ಮೊದಲು ಎಚ್ಚರಿಕೆ, ಆಮೇಲೆ ಕೆಲಸ. ಚಿತ್ರಕ್ಕೆ ಸಂಖ್ಯೆ, ಸಂಖ್ಯೆಗೆ ವಿವರಣೆ. ಅದು ತಾನಾಗಿ ಉದುರಿದ್ದಲ್ಲ. ಅದನ್ನು ಬರೆಯಲು ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಂಡಿದ್ದಾರೆ. ಅವರಿಗೆ ಟೆಕ್ನಿಕಲ್ ರೈಟರ್ ಅನ್ನುತ್ತಾರೆ. ನಮ್ಮ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದು ಎಷ್ಟೋ ಮಂದಿಗೆ ಅನ್ನ ಕೊಡುವ ವೃತ್ತಿ. ನಮ್ಮ ಎಷ್ಟು ಜನ ಕನ್ನಡ ಹೋರಾಟಗಾರರಿಗೆ ಈ ಹೆಸರು ಗೊತ್ತು? ನನಗೇ ಬಹಳ ವರ್ಷ ಗೊತ್ತಿರಲಿಲ್ಲ, ಅವರ ಪುಸ್ತಕ ಅಚ್ಚು ಹಾಕುತ್ತಿದ್ದರೂ!

ಏನು ಮಾಡುತ್ತಾರೆ ಇವರು? ಇಂಜಿನಿಯರ್ ಒಂದು ಸಾಫ್ಟ್‌ವೇರ್ ಮಾಡುತ್ತಾನೆ. ಅವನಿಗೆ ಅದು ಗೊತ್ತು, ಕೊಂಡವನಿಗೆ ಗೊತ್ತಿಲ್ಲ. ನಡುವೆ ಈ ಬರಹಗಾರ ನಿಲ್ಲುತ್ತಾನೆ. ಇಂಜಿನಿಯರನ್ನು ಕಾಡಿ ಬೇಡಿ ವಿಷಯ ತಿಳಿದುಕೊಳ್ಳುತ್ತಾನೆ. ತಾನೇ ಒಂದೊಂದು ಗುಂಡಿ ಒತ್ತಿ ನೋಡುತ್ತಾನೆ. ಆಮೇಲೆ ಬರೆಯುತ್ತಾನೆ. ಯಾವ ಪದ ಬಳಸಬೇಕು, ಯಾವುದು ಕೂಡದು ಎಂದು ಕಂಪನಿಯದೇ ಒಂದು ನಿಯಮಾವಳಿ ಇರುತ್ತದೆ. ಬರೆದದ್ದನ್ನು ನಾಲ್ಕು ಜನ ತಿದ್ದುತ್ತಾರೆ. ಒಂದು ಸಲ ಬರೆದ ಪ್ಯಾರಾವನ್ನು ಇಪ್ಪತ್ತು ಕೈಪಿಡಿಗಳಲ್ಲಿ ಮತ್ತೆ ಮತ್ತೆ ಬಳಸುವ ವ್ಯವಸ್ಥೆಯೂ ಇದೆ. ಡಿಟಾ ಎಂಬ ಅಂಥ ಒಂದು ವಿಧಾನ 2005ರಲ್ಲೇ ಅಂತರರಾಷ್ಟ್ರೀಯ ಮಾನದಂಡವಾಯಿತು.

ವಿಮಾನ ರಿಪೇರಿ ಕೈಪಿಡಿಗಳ ಸಂಗತಿ ಕೇಳಿ. ಇಂಗ್ಲಿಷ್ ಮನೆಮಾತಲ್ಲದ ಮೆಕ್ಯಾನಿಕ್‌ಗೂ ತಪ್ಪದೆ ತಿಳಿಯಲಿ ಎಂದು ಅವರು ಇಂಗ್ಲಿಷನ್ನೇ ಕತ್ತರಿಸಿ ಸರಳ ಮಾಡಿದರು. ಸುಮಾರು 900 ಸಾಮಾನ್ಯ ಪದ, ಜೊತೆಗೆ ಕಸುಬಿನ ಪದಗಳು. ಒಂದು ಪದಕ್ಕೆ ಒಂದೇ ಅರ್ಥ. ಕೆಲಸ ಹೇಳುವ ವಾಕ್ಯ 20 ಪದ ಮೀರುವಂತಿಲ್ಲ. ಇಂಗ್ಲಿಷ್ ಬಾರದವನಿಗಾಗಿ ಇಂಗ್ಲಿಷೇ ತಲೆಬಾಗಿತು! ನಮ್ಮ ರೈತನಿಗಾಗಿ ಕನ್ನಡ ಕಂಪನಿಯ ಬಾಗಿಲವರೆಗೂ ಹೋಗಲಿಲ್ಲ.

ಜಪಾನಿಗೆ ಉಂಟು, ಕನ್ನಡಕ್ಕಿಲ್ಲ

ನಾನು ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದವನು. ಅಪ್ಪನ ಕಾಲದ್ದು ಟ್ರೆಡಲ್ ಯಂತ್ರ, ಸೀಸದ ಮೊಳೆ. ನನ್ನ ಕಾಲಕ್ಕೆ ಆಫ್‌ಸೆಟ್ ಬಂತು. ಆಗ ಸಾಫ್ಟ್‌ವೇರನ್ನು ಡಬ್ಬಿಯಲ್ಲಿಟ್ಟು ಮಾರುತ್ತಿದ್ದರು, ಒಳಗೆ ಸಿ.ಡಿ., ಜೊತೆಗೆ ಮುನ್ನೂರು ಪುಟದ ಪುಸ್ತಕ. ಇಲ್ಲೇ ಬೆಂಗಳೂರಿನಲ್ಲಿ ಬರೆದ ಅಂಥ ಪುಸ್ತಕಗಳನ್ನು ನಾನು ಇಂಗ್ಲಿಷ್‌ನಲ್ಲಿ ಅಚ್ಚು ಹಾಕಿದ್ದೇನೆ, ಜರ್ಮನ್‌ನಲ್ಲಿ, ಫ್ರೆಂಚ್‌ನಲ್ಲಿ ಹಾಕಿದ್ದೇನೆ. ಜಪಾನಿ ಭಾಷೆಯಲ್ಲೂ ಹಾಕಿದ್ದೇನೆ. ನನಗೆ ಅದರ ಒಂದಕ್ಷರ ಬಾರದು. ಪುಟ ತಲೆಕೆಳಗಾಗಿದೆಯೋ ಸರಿಯಾಗಿದೆಯೋ ಎಂದು ಪುಟಸಂಖ್ಯೆ ನೋಡಿಯೇ ತಿಳಿಯಬೇಕಿತ್ತು. ಅಂಥ ನನ್ನ ಕೈಯಲ್ಲಿ ಜಪಾನಿ ಪುಸ್ತಕ ಅಚ್ಚಾಯಿತು. ಕನ್ನಡದ್ದು? ಒಂದೂ ಇಲ್ಲ. ಆಮೇಲೆ ಪುಸ್ತಕ ಹೋಗಿ ಪಿಡಿಎಫ್ ಬಂತು, ಅದೂ ಹೋಗಿ ಪರದೆಯ ಮೇಲೇ ಸಹಾಯ ಬಂತು. ನನ್ನ ಆ ಕೆಲಸವೂ ಹೋಯಿತು. ಇರಲಿ, ಹೊಟ್ಟೆಪಾಡಿನ ಮಾತು ಬೇರೆ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಕಾಲಿಟ್ಟಿತು. ಅದರ ಮರುವರ್ಷ, 1986ರಲ್ಲಿ, ಸರೋಜಿನಿ ಮಹಿಷಿ ವರದಿ ಬಂತು. ಅಂದಿನಿಂದ ನಾವು ‘ಕನ್ನಡಿಗರಿಗೆ ಕೆಲಸ ಕೊಡಿ’ ಎನ್ನುತ್ತಿದ್ದೇವೆ. ನ್ಯಾಯವೇ. ಆದರೆ ‘ಕನ್ನಡದಲ್ಲಿ ಕೆಲಸ ಕೊಡಿ’ ಎಂದು ಎಷ್ಟು ಸಲ ಕೇಳಿದ್ದೇವೆ? ಎರಡೂ ಒಂದೇ ಅಲ್ಲ ಬಂಧುಗಳೇ!

ನಮ್ಮ ಪ್ರೆಸ್‌ನಲ್ಲಿ ಕರಡು ತಿದ್ದುವ ಒಬ್ಬ ಹುಡುಗಿ ಇದ್ದಾಳೆ. ಕನ್ನಡ ಎಂ.ಎ. ನನಗಿಂತ ಹತ್ತು ಪಾಲು ಓದಿಕೊಂಡವಳು, ನನ್ನನ್ನು ಅಣ್ಣಾ ಅನ್ನುತ್ತಾಳೆ. ಲಗ್ನಪತ್ರಿಕೆಯಲ್ಲಿ ‘ಆಶೀರ್ವಾದ’ಕ್ಕೆ ಅರ್ಕಾವತ್ತು ಸರಿಯಾಗಿದೆಯೇ ಎಂದು ನೋಡುವುದು ಅವಳ ಕೆಲಸ. ಯಾರೋ ಹೇಳಿದರೆಂದು ಒಂದು ಕಂಪನಿಗೆ ಟೆಕ್ನಿಕಲ್ ರೈಟರ್ ಸಂದರ್ಶನಕ್ಕೆ ಹೋದಳು. ‘ಕಾಫಿ ಮಾಡುವುದನ್ನು, ಎಂದೂ ಮಾಡದವನಿಗೆ ತಿಳಿಯುವ ಹಾಗೆ ಬರೆಯಿರಿ’ ಎಂದರಂತೆ. ಇಂಗ್ಲಿಷ್‌ನಲ್ಲಿ ತಡವರಿಸಿದಳು, ಕೆಲಸ ಸಿಗಲಿಲ್ಲ. ಮರುದಿನ ಅದನ್ನೇ ಕನ್ನಡದಲ್ಲಿ ಬರೆದು ನನಗೆ ತೋರಿಸಿದಳು. ಹದಿನಾಲ್ಕು ಸಾಲು. ಡಿಕಾಕ್ಷನ್ ಇಳಿಯುವ ತನಕ ಫಿಲ್ಟರ್ ಅಲ್ಲಾಡಿಸಬೇಡಿ ಎಂಬುದೂ ಇತ್ತು. ಓದಿಕೊಂಡು ನಮ್ಮ ಮಷಿನ್‌ಮ್ಯಾನ್ ಕಾಫಿ ಮಾಡಿದ. ಅವನು ಹುಟ್ಟಿದಾಗಿನಿಂದ ಒಲೆ ಹಚ್ಚಿದವನಲ್ಲ!

ಆ ಕಂಪನಿಯನ್ನು ನಾನು ಬೈಯುವುದಿಲ್ಲ. ಇಂಗ್ಲಿಷ್ ಕೈಪಿಡಿಗೆ ಇಂಗ್ಲಿಷ್ ಬಲ್ಲವರನ್ನು ಇಟ್ಟುಕೊಳ್ಳಲಿ. ನನ್ನ ಜಗಳ ಬೇರೆ. ಕನ್ನಡ ನೆಲದಲ್ಲಿ ಕನ್ನಡದ ಕೈಪಿಡಿಗೆ ಒಂದು ಕುರ್ಚಿ ಯಾಕಿಲ್ಲ? ಆ ಹುಡುಗಿಯ ವಿದ್ಯೆಗೆ ಲಗ್ನಪತ್ರಿಕೆಯೊಂದೇ ಗತಿಯೇ?

ಕಾನೂನು ಎಲ್ಲಿದೆ?

‘ಬೇಡಿಕೆ ಇಲ್ಲ’ ಎನ್ನುತ್ತಾರೆ. ಬೇಡಿಕೆ ಆಕಾಶದಿಂದ ಬೀಳುವುದಿಲ್ಲ ಸ್ವಾಮಿ, ಕಾನೂನಿನಿಂದ ಹುಟ್ಟುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತದವರು 1977ರಲ್ಲೇ ಫ್ರೆಂಚ್ ಭಾಷೆಗೆ ಕಾನೂನು ಮಾಡಿಕೊಂಡರು. ವಸ್ತುವಿನ ಬಳಕೆಯ ಸೂಚನೆ ಫ್ರೆಂಚ್‌ನಲ್ಲಿ ಇರಲೇಬೇಕು. ಫ್ರಾನ್ಸ್‌ನಲ್ಲಿ 1994ರ ಟೂಬಾನ್ ಕಾನೂನು. ಯುರೋಪ್ ಒಕ್ಕೂಟದ 2006ರ ಯಂತ್ರಗಳ ನಿರ್ದೇಶನದ ಪ್ರಕಾರ, ಯಂತ್ರ ಯಾವ ದೇಶದಲ್ಲಿ ಮಾರಾಟವಾಗುತ್ತದೋ ಆ ದೇಶದ ಅಧಿಕೃತ ಭಾಷೆಯಲ್ಲಿ ಕೈಪಿಡಿ ಕೊಡಲೇಬೇಕು. ಅಂದರೆ ನಮ್ಮ ಪೀಣ್ಯದಲ್ಲಿ ಮಾಡಿದ ಯಂತ್ರ ಜರ್ಮನಿಗೆ ಹೋದರೆ ಜರ್ಮನ್ ಪುಸ್ತಕ ಹೊತ್ತುಕೊಂಡು ಹೋಗುತ್ತದೆ. ಅದೇ ಯಂತ್ರ ದಾವಣಗೆರೆಗೆ ಹೋದರೆ ಇಂಗ್ಲಿಷ್ ಪುಸ್ತಕ ಹೊತ್ತುಕೊಂಡು ಹೋಗುತ್ತದೆ!

ಇನ್ನು ನಮ್ಮ ಕೇಂದ್ರ ಸರ್ಕಾರ. ಪೊಟ್ಟಣದ ಸರಕುಗಳಿಗೆ 2011ರಲ್ಲಿ ಮಾಡಿದ ನಿಯಮ ಏನು ಹೇಳುತ್ತದೆ? ಪೊಟ್ಟಣದ ಮೇಲಿನ ವಿವರ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು, ಇಲ್ಲವೇ ಇಂಗ್ಲಿಷ್‌ನಲ್ಲಿ ಇರಬೇಕು. ಬೇರೆ ಭಾಷೆ? ‘ಜೊತೆಗೆ ಹಾಕಿಕೊಂಡರೆ ಅಡ್ಡಿಯಿಲ್ಲ.’ ಅಡ್ಡಿಯಿಲ್ಲವಂತೆ! ಎರಡು ಸಾವಿರ ವರ್ಷದ ಭಾಷೆಗೆ ಕೊಟ್ಟ ಮರ್ಯಾದೆ ಇದು. ಹೊರಜಗುಲಿಯಲ್ಲಿ ಕೂತುಕೋ, ಅಡ್ಡಿಯಿಲ್ಲ!

ಒಂದು ಕಡೆ ಮಾತ್ರ ಕಾನೂನು ಮನುಷ್ಯತ್ವ ತೋರಿಸಿದೆ. 1971ರ ಕೀಟನಾಶಕ ನಿಯಮಗಳ ಪ್ರಕಾರ, ಔಷಧಿ ಎಲ್ಲಿ ಮಾರಾಟವಾಗುತ್ತದೋ ಅಲ್ಲಿನ ಭಾಷೆಯಲ್ಲೂ ಚೀಟಿ ಇರಬೇಕು. ಇರುತ್ತದೆ. ಹೇಗಿರುತ್ತದೆ ಎಂದು ಅಚ್ಚು ಹಾಕುವ ನನ್ನನ್ನು ಕೇಳಿ. ಕನ್ನಡಕ್ಕೆ ಒತ್ತಕ್ಷರ ಕೆಳಗೆ ಬರುತ್ತದೆ, ಸಾಲಿಗೆ ಹೆಚ್ಚು ಎತ್ತರ ಬೇಕು. ಅಷ್ಟು ಕಾಗದ ಯಾರು ಕೊಡುತ್ತಾರೆ? ಅಕ್ಷರವನ್ನು ಸಾಸಿವೆ ಕಾಳಿನಷ್ಟು ಮಾಡಿ ತುರುಕುತ್ತಾರೆ. ತೆಳು ಕಾಗದದ ಮೇಲೆ ಮಸಿ ಹರಡಿ ಒತ್ತಕ್ಷರವೆಲ್ಲ ಕಪ್ಪು ಚುಕ್ಕೆ. ಲೀಟರ್ ನೀರಿಗೆ ಎಷ್ಟು ಮಿಲಿ, ಮೈಮೇಲೆ ಬಿದ್ದರೆ ಏನು ಮಾಡಬೇಕು, ವಿಷ ಏರಿದರೆ ಡಾಕ್ಟರಿಗೆ ಏನು ಹೇಳಬೇಕು, ಎಲ್ಲವೂ ಅದರಲ್ಲೇ ಇದೆ. ಭೂತಗನ್ನಡಿ ಹಿಡಿದು ಹೊಲಕ್ಕೆ ಹೋಗುವ ರೈತನನ್ನು ನೀವು ಕಂಡಿದ್ದೀರಾ?

ನಮ್ಮ ರಾಜ್ಯವೂ ಕೊನೆಗೆ ಎದ್ದಿತು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022ರದು, 2024ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎಂದು 2025ರ ಫೆಬ್ರವರಿಯಲ್ಲಿ ಸರ್ಕಾರ ಆದೇಶವನ್ನೂ ಹೊರಡಿಸಿತು. ಆದರೆ ‘ಕನ್ನಡದಲ್ಲಿ ಇರಬೇಕು’ ಎಂದರೆ ಸಾಕೇ? ‘ಒಣಗಿ ಓಡಬೇಡಿ’ಯೂ ಕನ್ನಡ ಲಿಪಿಯಲ್ಲೇ ಇದೆ! ಅದು ಅರ್ಥವಾಗುತ್ತದೆಯೇ ಎಂದು ನೋಡುವವರು ಯಾರು? ನಾಮಫಲಕದಲ್ಲಿ ಕನ್ನಡ ಶೇಕಡಾ 60 ಇದೆಯೇ ಎಂದು ಟೇಪು ಹಿಡಿದು ಅಳೆಯಬಹುದು. ಅರ್ಥವನ್ನು ಅಳೆಯಲು ಕನ್ನಡ ಬಲ್ಲ, ಯಂತ್ರವನ್ನೂ ಬಲ್ಲ ಮನುಷ್ಯ ಬೇಕು.

‘ಈಗ ಎಲ್ಲ ಎಐ ಮಾಡುತ್ತದೆ, ಮನುಷ್ಯ ಯಾಕೆ’ ಎಂದು ಪ್ಯಾಂಟು ಶರ್ಟಿನ ಪಂಡಿತರು ಕೇಳಬಹುದು. ಇಂಗ್ಲಿಷ್ ಬರಹಗಾರರಿಗೂ ಆ ಬಿಸಿ ತಟ್ಟಿದೆ, ಸುಳ್ಳಲ್ಲ. ಅಮೆರಿಕದಲ್ಲಿ 1953ರಿಂದ ಇದ್ದ ಅವರ ವೃತ್ತಿ ಸಂಘ 2025ರಲ್ಲಿ ದಿವಾಳಿಯಾಗಿ ಬಾಗಿಲು ಹಾಕಿತು. ಆದರೆ ಅದೇ 2025ರ ಜುಲೈನಲ್ಲಿ ಏನಾಯಿತು ನೆನಪಿದೆಯೇ? ನಟಿ ಬಿ. ಸರೋಜಾದೇವಿ ತೀರಿಕೊಂಡರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸುದ್ದಿ ಕನ್ನಡದಲ್ಲಿತ್ತು. ಮೆಟಾ ಕಂಪನಿಯ ಯಂತ್ರ ಅದನ್ನು ಇಂಗ್ಲಿಷ್‌ಗೆ ತಿರುಗಿಸಿ ಮುಖ್ಯಮಂತ್ರಿಗಳನ್ನೇ ಸಾಯಿಸಿತು! ದೊಡ್ಡವರ ವಿಷಯ, ಕಂಪನಿ ಕ್ಷಮೆ ಕೇಳಿತು. ಪಂಪಿನ ಕೈಪಿಡಿ ಓದಿ ಕರೆಂಟು ಹೊಡೆಸಿಕೊಂಡವನ ಮನೆಗೆ ಯಾರು ಬಂದು ಕ್ಷಮೆ ಕೇಳುತ್ತಾರೆ? ಯಂತ್ರ ಅನುವಾದ ಮಾಡಲಿ, ಬೇಡ ಅನ್ನುವುದಿಲ್ಲ. ತಿದ್ದುವುದಕ್ಕೆ ಕನ್ನಡದ ಒಂದು ಜೀವ ಇರಲಿ.

ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. 1991ರಲ್ಲೇ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತ್ತು. ನಾವು ಪ್ರೆಸ್ಸಿನವರು ಪೇಜ್‌ಮೇಕರ್ ತಬ್ಬಿಕೊಂಡು, ಒಬ್ಬೊಬ್ಬರು ಒಂದೊಂದು ಫಾಂಟ್ ಹಿಡಿದುಕೊಂಡು ಕೂತೆವು. ಒಂದರಲ್ಲಿ ಟೈಪ್ ಮಾಡಿದ್ದು ಇನ್ನೊಂದರಲ್ಲಿ ತೆರೆದರೆ ಪಾತಾಳ ಭಾಷೆ. ಹಳೆಯ ಕೈಪಿಡಿಯ ಕನ್ನಡ ಹೊಸ ಮಾದರಿಗೆ ಬರುವುದಿಲ್ಲ, ಮತ್ತೆ ಮೊದಲಿನಿಂದ ಟೈಪ್ ಮಾಡಬೇಕು, ಮತ್ತೆ ಬಿಲ್ಲು. ‘ಕನ್ನಡ ದುಬಾರಿ’ ಎಂದು ಗಿರಾಕಿ ಆ ಪುಟವನ್ನೇ ಕಿತ್ತುಹಾಕಿದ. ನಾನೂ ಹಾಗೆ ಬಿಲ್ಲು ಬರೆದವನೇ.

ಎರಡನೆಯ ತಪ್ಪು ಪಂಡಿತರದು. ಸ್ವಿಚ್ಚಿಗೆ ನಾಲಗೆ ಹೊರಳದ ಹೆಸರಿಟ್ಟು ಅದೇ ಕನ್ನಡಸೇವೆ ಎಂದುಕೊಂಡರು. ಸ್ವಿಚ್ಚು, ಫ್ಯೂಸು, ಸ್ಟಾರ್ಟರ್ ಎನ್ನಲು ನಮ್ಮ ರೈತನಿಗೆ ಯಾವ ಸಂಕೋಚವೂ ಇಲ್ಲ. ಅವನಿಗೆ ಬೇಕಾದದ್ದು ವಾಕ್ಯ ನೆಟ್ಟಗಿರುವುದು. ಕ್ರಿ.ಶ. 1025ರ ಸುಮಾರಿಗೆ ಚಾವುಂಡರಾಯ ‘ಲೋಕೋಪಕಾರ’ ಬರೆದ. ನೀರಿನ ಸೆಲೆ ನೋಡುವುದರಿಂದ ಅಡಿಗೆಯವರೆಗೆ, ಜನರ ನಿತ್ಯದ ಕೆಲಸಕ್ಕೆಂದು. 1508ರ ಸುಮಾರಿಗೆ ಮಂಗರಸ ‘ಸೂಪಶಾಸ್ತ್ರ’ ಎಂದು ಅಡಿಗೆಯ ಮೇಲೇ ಒಂದು ಗ್ರಂಥ ಬರೆದ. ಇವರೇ ನಮ್ಮ ಟೆಕ್ನಿಕಲ್ ರೈಟರ್‌ಗಳಪ್ಪ! ಶಿವರಾಮ ಕಾರಂತರು ಒಬ್ಬರೇ ಕೂತು ‘ವಿಜ್ಞಾನ ಪ್ರಪಂಚ’ ಬರೆದರು. ನಮ್ಮ ಕನ್ನಡ ಎಂ.ಎ. ತರಗತಿಗಳಲ್ಲಿ ಹಳಗನ್ನಡ ಕಾವ್ಯ ಓದಿಸಲಿ, ಓದಿಸಬೇಕು. ಜೊತೆಗೆ ಒಂದೇ ಒಂದು ಪತ್ರಿಕೆಯಾಗಿ ಕೈಪಿಡಿ ಬರೆಯುವುದನ್ನೂ ಕಲಿಸಲಿ. ಐಟಿಐಗೆ ಹೋಗಿ ಮೋಟಾರ್ ಬಿಚ್ಚಿ ಜೋಡಿಸುವುದನ್ನು ನೋಡಿ, ಬಂದು ಬರೆಯಲಿ.

ಸಂಘಟನೆಯ ಗೆಳೆಯರಿಗೂ ಒಂದು ಮಾತು. ಬೋರ್ಡಿಗೆ ಮಸಿ ಬಳಿಯುವುದು ಸುಲಭ, ಮರುದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಒಂದು ಸಲ ಬೋರ್ಡು ಬಿಟ್ಟು ಅಂಗಡಿಯ ಒಳಗೆ ಹೋಗಿ. ಮಿಕ್ಸಿ, ಗೀಸರ್, ಪಂಪು, ಔಷಧಿ ಸಿಂಪಡಿಸುವ ಯಂತ್ರ, ಯಾವುದಾದರೂ ಸರಿ, ಡಬ್ಬಿ ತೆಗೆಸಿ ಕನ್ನಡದ ಚೀಟಿ ಕೇಳಿ. ಇಲ್ಲದಿದ್ದರೆ ಬರೆದು ಕೊಡಿ ಎನ್ನಿ. ಇದ್ದರೆ, ಗಟ್ಟಿಯಾಗಿ ಓದಿಸಿ, ಅಂಗಡಿಯವನ ಬಾಯಿಂದಲೇ!

ಆ ಪಂಪಿನ ಆರ್ಡರ್ ಏನಾಯಿತು ಅಂತೀರಾ? ಹಾಗೇ ಹಾಕುವುದಿಲ್ಲ ಎಂದೆ. ಬೇರೆ ಪ್ರೆಸ್ ನೋಡಿಕೊಳ್ಳುತ್ತೇವೆ ಎಂದರು. ನೋಡಿಕೊಳ್ಳಿ, ನಾನೇ ತಿದ್ದಿದ ನಾಲ್ಕು ಪುಟ ಬೇಕಾದರೆ ಪುಕ್ಕಟೆ ಕೊಡುತ್ತೇನೆ, ಅದನ್ನಾದರೂ ಹಾಕಿಸಿ ಎಂದೆ. ಎರಡು ದಿನ ಸುದ್ದಿಯಿಲ್ಲ. ಮೂರನೆಯ ದಿನ ಫೋನ್ ಬಂತು, ‘ಆಯ್ತು ಸಾರ್, ನಿಮ್ಮದೇ ಹಾಕಿ.’ ನಾನು, ನಮ್ಮ ಹುಡುಗಿ, ಪಕ್ಕದ ಬೀದಿಯ ಮೋಟಾರ್ ವೈಂಡಿಂಗ್ ಅಂಗಡಿಯಾತ, ಮೂವರೂ ಕೂತು ಒಂದು ಸಂಜೆಯಲ್ಲಿ ಬರೆದು ಮುಗಿಸಿದೆವು. ಬರೆದ ಕೂಲಿಯನ್ನು ಬಿಲ್ಲಿನಲ್ಲಿ ಸೇರಿಸಲು ಅವರು ಒಪ್ಪಲಿಲ್ಲ.

ನಮ್ಮ ಪ್ರೆಸ್‌ನಲ್ಲಿ ಒಂದು ಕಪಾಟು ಖಾಲಿ ಮಾಡಿಸಿದ್ದೇನೆ. ನಿಮ್ಮ ಮನೆಯಲ್ಲಿ, ಹೊಲದಲ್ಲಿ ಇಂಥ ಹಾಳು ಕನ್ನಡದ ಚೀಟಿ, ಕೈಪಿಡಿ ಸಿಕ್ಕರೆ ಎಸೆಯಬೇಡಿ. ಈ ಪತ್ರಿಕೆ ನಿಮ್ಮ ಕೈಗೆ ಕೊಟ್ಟ ಕಾರ್ಯಕರ್ತನ ಹತ್ತಿರ ಕೊಟ್ಟು ಕಳಿಸಿ. ವಸ್ತು ಯಾವುದು, ಎಲ್ಲಿ ಕೊಂಡದ್ದು, ರಸೀದಿ ಇದೆಯೇ ಎಂದು ಹಿಂಬದಿಯಲ್ಲಿ ಬರೆದಿರಲಿ. ನೂರು ಸೇರಿದ ದಿನ ಎಲ್ಲವನ್ನೂ ಹೊತ್ತುಕೊಂಡು ವಿಧಾನಸೌಧಕ್ಕೆ ಹೋಗೋಣ.